ಲೇತ್ ಸ್ಪಿಂಡಲ್‌ಗೆ ಸೆನ್ಸರ್: ಒಂದು ಮ್ಯಾಗ್ನೆಟ್ ಸಾಕಾ, ಎನ್‌ಕೋಡರ್ ಬೇಕಾ?

ಪ್ರಶ್ನೆ: ಚಿಕ್ಕ ಬೆಂಚ್ ಲೇತ್ ಒಂದನ್ನು ಸಿಎನ್‌ಸಿಗೆ, ಅಂದರೆ ಕಂಪ್ಯೂಟರ್ ನಡೆಸುವ ಹಾಗೆ, ಬದಲಾಯಿಸಿದ್ದೇನೆ. ಎಕ್ಸ್ (ಟೂಲ್ ಅಡ್ಡಕ್ಕೆ ಹೋಗುವುದು), ಝಡ್ (ಉದ್ದಕ್ಕೆ ಹೋಗುವುದು) ಎರಡಕ್ಕೂ ಸ್ಟೆಪ್ಪರ್ ಮೋಟಾರ್, ಹಳೇ ಪಿಸಿಯಲ್ಲಿ ಯಂತ್ರ ನಡೆಸುವ ಲಿನಕ್ಸ್‌ಸಿಎನ್‌ಸಿ ಸಾಫ್ಟ್‌ವೇರ್, ಪ್ಯಾರಲಲ್ ಪೋರ್ಟ್. ಸ್ಪಿಂಡಲ್‌ಗೆ (ಜಾಬ್ ತಿರುಗಿಸುವ ಶಾಫ್ಟ್) ಲೇತ್ ಜೊತೆ ಬಂದಿದ್ದ ಡಿಸಿ ಮೋಟಾರ್, ಅದರದೇ ಸ್ಪೀಡ್ ನಾಬ್. ಟರ್ನಿಂಗ್, ಫೇಸಿಂಗ್, ಟೇಪರ್ ಎಲ್ಲ ಚೆನ್ನಾಗಿ ಬರುತ್ತದೆ. ಥ್ರೆಡ್ ಮಾತ್ರ ಬರುತ್ತಿಲ್ಲ. 400 ಆರ್‌ಪಿಎಂ ಅಂತ ಲೆಕ್ಕ ಹಾಕಿ ಝಡ್‌ಗೆ ಫೀಡ್ ಕೊಟ್ಟರೆ ಮೊದಲ ಪಾಸ್ ಪರವಾಗಿಲ್ಲ, ಎರಡನೇ ಪಾಸ್ ಬಂದು ಮೊದಲನೆಯದನ್ನು ಕೆಡಿಸುತ್ತದೆ. ವೇಗ ಅಳೆಯೋಕೆ ಒಂದು ಹಾಲ್ ಸೆನ್ಸರ್ (ಮ್ಯಾಗ್ನೆಟ್ ಹತ್ತಿರ ಬಂದರೆ ಗುರುತಿಸುವುದು), ಒಂದು ಮ್ಯಾಗ್ನೆಟ್ ಸಾಕಾ? ಇಲ್ಲಾ ಸುತ್ತಿಗೆ ಹಲವು ಪಲ್ಸ್ ಕೊಡುವ ಎನ್‌ಕೋಡರ್ ಹಾಕಲೇಬೇಕಾ? ಎಲ್ಲಿ ಕೂರಿಸಬೇಕು?

ಉತ್ತರ: ವೇಗ ನೋಡೋಕೆ ಮಾತ್ರ ಆದರೆ ಒಂದು ಮ್ಯಾಗ್ನೆಟ್ ಧಾರಾಳವಾಗಿ ಸಾಕು. ಥ್ರೆಡ್ ಹಾಕೋಕೆ ಸಾಲದು. ಥ್ರೆಡ್ಡಿಗೆ ಬೇಕಾಗಿರುವುದು ಸ್ಪಿಂಡಲ್ ಈ ಕ್ಷಣ ಯಾವ ಕೋನದಲ್ಲಿದೆ ಅನ್ನುವ ಲೆಕ್ಕ. ಆ ಲೆಕ್ಕ ಸಿಕ್ಕರೆ ವೇಗ ತಾನಾಗಿ ಸಿಗುತ್ತದೆ, ಅದಕ್ಕೆ ಬೇರೆ ಸೆನ್ಸರ್ ಏನೂ ಬೇಡ. ಹಾಗಾಗಿ 'ಆರ್‌ಪಿಎಂ ಸೆನ್ಸರ್' ಅಂತ ಹುಡುಕುವುದನ್ನು ಬಿಡಿ, ಕೋನ ಅಳೆಯುವುದರ ಕಡೆ ಗಮನ ಕೊಡಿ.

ನಿಮ್ಮ ಎರಡನೇ ಪಾಸ್ ಕೆಡುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಮೊದಲನೆಯದು ಶುರುವಾಗುವ ಜಾಗ. ಪ್ರತಿ ಪಾಸ್‌ನಲ್ಲೂ ಟೂಲ್ ಹೊರಡುವಾಗ ಚಕ್ (ಜಾಬ್ ಹಿಡಿಯುವ ಭಾಗ) ಅದೇ ಕೋನದಲ್ಲಿರಬೇಕು, ಇಲ್ಲದಿದ್ದರೆ ಟೂಲ್ ಹೊಸ ಜಾಗದಲ್ಲಿ ಇಳಿಯುತ್ತದೆ. ನಿಮ್ಮ ಯಂತ್ರಕ್ಕೆ ಚಕ್ ಎಲ್ಲಿದೆ ಅಂತ ಗೊತ್ತೇ ಇಲ್ಲ, ಹೊರಡು ಅಂದ ಕೂಡಲೇ ಹೊರಡುತ್ತದೆ. ಎರಡನೆಯದು ವೇಗ ಇಳಿಯುವುದು. ನಾಬ್‌ನಲ್ಲಿ 400 ಇಟ್ಟಿದ್ದರೂ ಟೂಲ್ ಕಬ್ಬಿಣಕ್ಕೆ ಕಚ್ಚಿದ ತಕ್ಷಣ ಸಣ್ಣ ಡಿಸಿ ಮೋಟಾರ್ ಸ್ವಲ್ಪ ಕುಗ್ಗುತ್ತದೆ. 380ಕ್ಕೆ ಇಳಿಯಿತು ಅಂದುಕೊಳ್ಳಿ, ಬರೀ ಶೇ 5. ಪಿಚ್ (ಒಂದು ಸುತ್ತಿಗೆ ಟೂಲ್ ಹೋಗುವ ದೂರ) 1.5 ಮಿ.ಮೀ. ಬೇಕು ಅಂತ ನೀವು ಝಡ್‌ಗೆ ಕೊಟ್ಟ ಫೀಡ್ ನಿಮಿಷಕ್ಕೆ 600 ಮಿ.ಮೀ. ಆ 600ನ್ನು 380ರಿಂದ ಭಾಗಿಸಿದರೆ ನಿಜವಾಗಿ ಬಿದ್ದ ಪಿಚ್ ಸುಮಾರು 1.58. ಒಂದು ಸುತ್ತಿಗೆ 0.08 ಏನು ಮಹಾ ಅನಿಸಬಹುದು. ಆದರೆ ಹತ್ತು ಸುತ್ತಿಗೆ ಅದು 0.8 ಮಿ.ಮೀ., ಅಂದರೆ ಅರ್ಧ ಪಿಚ್‌ಗಿಂತ ಜಾಸ್ತಿ. ನಟ್ ಎರಡು ಸುತ್ತು ಹೋಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಇನ್ನೂ ಕೆಟ್ಟ ವಿಷಯ ಏನೆಂದರೆ ಈ ಇಳಿತ ಎಲ್ಲಾ ಪಾಸ್‌ಗೂ ಒಂದೇ ಇರುವುದಿಲ್ಲ. ಆಳದ ಪಾಸ್‌ನಲ್ಲಿ ಜಾಸ್ತಿ, ಕೊನೆಯ ಫಿನಿಶಿಂಗ್ ಪಾಸ್‌ನಲ್ಲಿ ಹೆಚ್ಚುಕಮ್ಮಿ ಸೊನ್ನೆ. ಹಾಗಾಗಿ ಕೊನೆಯ ಪಾಸ್ ಬಂದು ಚೆನ್ನಾಗಿದ್ದ ಏಣುಗಳನ್ನೇ ಕೆತ್ತಿ ಹಾಕುತ್ತದೆ.

ಈಗ ಒಂದು ಮ್ಯಾಗ್ನೆಟ್ ಇದರಲ್ಲಿ ಎಷ್ಟನ್ನು ಸರಿಮಾಡುತ್ತದೆ ನೋಡೋಣ. ಸುತ್ತಿಗೊಂದು ಪಲ್ಸ್, ಇದನ್ನೇ ಇಂಡೆಕ್ಸ್ ಅನ್ನುವುದು. ಶುರುವಾಗುವ ಜಾಗದ ತೊಂದರೆ ಇದರಿಂದ ಪೂರ್ತಿ ಹೋಗುತ್ತದೆ. ಇಂಡೆಕ್ಸ್ ಬರುವವರೆಗೆ ಕಾದು ಹೊರಟರೆ ಆಯಿತು, ಅಲ್ವಾ. ವೇಗದ ಇಳಿತಕ್ಕೆ ಮಾತ್ರ ಅರ್ಧ ಪರಿಹಾರ. 400 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 150 ಮಿಲಿಸೆಕೆಂಡ್ ಬೇಕು. ಆ 150 ಮಿಲಿಸೆಕೆಂಡ್ ಒಳಗೆ ಏನಾಯಿತು ಅನ್ನುವುದು ಮುಂದಿನ ಪಲ್ಸ್ ಬರುವವರೆಗೆ ಯಂತ್ರಕ್ಕೆ ತಿಳಿಯುವುದಿಲ್ಲ. ಆದರೆ ಮೋಟಾರ್ ಕುಗ್ಗುವುದೇ ಟೂಲ್ ಕಚ್ಚಿದ ಮೊದಲ ಸುತ್ತಿನಲ್ಲಿ! ಪ್ಯಾರಲಲ್ ಪೋರ್ಟ್‌ನಲ್ಲಿ ಮ್ಯಾಕ್3 ಅನ್ನುವ ಇನ್ನೊಂದು ಸಿಎನ್‌ಸಿ ಸಾಫ್ಟ್‌ವೇರ್ ಓಡಿಸುವವರು ಈ ಒಂದು ಪಲ್ಸ್ ಮೇಲೆಯೇ ಥ್ರೆಡ್ ಹಾಕುತ್ತಾರೆ, ಒಳ್ಳೆಯ ಥ್ರೆಡ್ಡೂ ಬರುತ್ತದೆ, ಸುಳ್ಳಲ್ಲ. ಆದರೆ ಅಲ್ಲಿ ಶಕ್ತಿಯಿರುವ ಮೋಟಾರ್, ಭಾರದ ಚಕ್, ಸಣ್ಣ ಸಣ್ಣ ಕಟ್ ಎಲ್ಲ ಸೇರಿ ಕೆಲಸ ನಡೆಸುತ್ತವೆ. ಎಲ್ಲಾ ಪಾಸ್‌ಗೂ ಆರ್‌ಪಿಎಂ ಒಂದೇ ಇಡಬೇಕು, ನಡುವೆ ನಾಬ್ ಮುಟ್ಟುವ ಹಾಗಿಲ್ಲ.

ನೀವು ಲಿನಕ್ಸ್‌ಸಿಎನ್‌ಸಿಯಲ್ಲಿದ್ದೀರಿ, ಹಾಗಾಗಿ ಇದಕ್ಕಿಂತ ಒಳ್ಳೆಯ ದಾರಿ ಕೈಯಲ್ಲೇ ಇದೆ. ಅಲ್ಲಿ ಥ್ರೆಡ್ ಹಾಕುವ ಆಜ್ಞೆಗಳಾದ ಜಿ33 ಅಥವಾ ಜಿ76 ಓಡುವಾಗ ಝಡ್ ವೇಗವನ್ನು ಗಡಿಯಾರ ನೋಡಿ ಲೆಕ್ಕ ಹಾಕುವುದಿಲ್ಲ. ಸ್ಪಿಂಡಲ್ ಎಷ್ಟು ತಿರುಗಿದೆಯೋ ಝಡ್ ಅಷ್ಟೇ ಹೋಗುತ್ತದೆ. ನಿಜವಾದ ಗೇರ್ ಇದ್ದ ಹಾಗೆ. ಪಾಸ್ ನಡುವೆ ಮೋಟಾರ್ ಕುಗ್ಗಿದರೆ ಝಡ್ಡೂ ಕುಗ್ಗುತ್ತದೆ, ಪಿಚ್ ಕೆಡುವುದಿಲ್ಲ. ಆದರೆ ಹೀಗೆ ಹಿಂಬಾಲಿಸಬೇಕಾದರೆ ಒಂದು ಸುತ್ತಿನೊಳಗೆ ಹಲವು ಪಲ್ಸ್ ಬೇಕು. ಜೊತೆಗೆ ಇಂಡೆಕ್ಸ್ ಒಂದು.

ಹಲವು ಪಲ್ಸ್ ಅಂದಮೇಲೆ ಎ, ಬಿ ಅಂತ ಎರಡು ಚಾನೆಲ್ ಹಾಕಿ. ಒಂದೇ ಚಾನೆಲ್‌ನಲ್ಲೂ ನಡೆಯುತ್ತದೆ, ಅದಕ್ಕೆ ಕೌಂಟರ್ ಮೋಡ್ ಇದೆ. ಆದರೂ ನಾನು ಅದನ್ನು ಹೇಳುವುದಿಲ್ಲ, ಕಾರಣ ಇಷ್ಟೇ: ಡಿಸ್ಕಿನ ಅಂಚು ಸೆನ್ಸರ್ ಮುಂದೆ ನಿಂತು ಅದುರಿದರೆ ಒಂದೇ ಚಾನೆಲ್ ಪ್ರತಿ ಅದುರನ್ನೂ ಹೊಸ ಪಲ್ಸ್ ಅಂತ ಕೂಡಿಸುತ್ತಾ ಹೋಗುತ್ತದೆ. ಎರಡು ಚಾನೆಲ್ ಇದ್ದರೆ ಮುಂದೆ ಹೋದದ್ದು ಒಂದು ಕೂಡುತ್ತದೆ, ಹಿಂದೆ ಬಂದದ್ದು ಒಂದು ಕಳೆಯುತ್ತದೆ, ಲೆಕ್ಕ ಸರಿಹೋಗುತ್ತದೆ. ದಿಕ್ಕು ಗೊತ್ತಾಗುವುದು ಇನ್ನೊಂದು ಲಾಭ. ಮುಂದೆ ಎಂದಾದರೂ ರಿಜಿಡ್ ಟ್ಯಾಪಿಂಗ್ (ತೂತಿನೊಳಗೆ ಟ್ಯಾಪ್‌ನಿಂದ ಥ್ರೆಡ್ ಹಾಕುವುದು), ಅಂದರೆ ಜಿ33.1 ಮಾಡುವ ಆಸೆಯಿದ್ದರೆ ದಿಕ್ಕು ಬೇಕೇಬೇಕು. ಅದರಲ್ಲಿ ಸ್ಪಿಂಡಲ್ ನಿಂತು ಉಲ್ಟಾ ತಿರುಗುತ್ತದೆ.

ಎಷ್ಟು ಪಲ್ಸ್? ಇಲ್ಲೇ ಹೆಚ್ಚಿನವರು ದಾರಿ ತಪ್ಪುವುದು. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು 1024 ಲೈನ್‌ನ ಎನ್‌ಕೋಡರ್ ತಂದುಬಿಡುತ್ತಾರೆ. ಕ್ವಾಡ್ರೇಚರ್‌ನಲ್ಲಿ, ಅಂದರೆ ಎ, ಬಿ ಎರಡರ ಎಲ್ಲಾ ಅಂಚುಗಳನ್ನೂ ಎಣಿಸಿದರೆ, ಅದು ನಾಲ್ಕು ಪಟ್ಟಾಗಿ ಸುತ್ತಿಗೆ 4096 ಕೌಂಟ್. ಸ್ಪಿಂಡಲ್ 3000 ಆರ್‌ಪಿಎಂ ತಿರುಗಿದರೆ ಸೆಕೆಂಡಿಗೆ ಎರಡು ಲಕ್ಷಕ್ಕೂ ಜಾಸ್ತಿ ಕೌಂಟ್, ಅಂದರೆ 5 ಮೈಕ್ರೊಸೆಕೆಂಡಿಗೊಂದು. ಪ್ಯಾರಲಲ್ ಪೋರ್ಟ್‌ನಲ್ಲಿ ಎಣಿಸುವವನು ಪಿಸಿಯ ಬೇಸ್ ಥ್ರೆಡ್ (ಸ್ಕ್ರೂ ಥ್ರೆಡ್ ಅಲ್ಲ, ಪಿಸಿಯೊಳಗೆ ಮತ್ತೆ ಮತ್ತೆ ಓಡುವ ಸಣ್ಣ ಪ್ರೋಗ್ರಾಂ). ಅದು ಸಾಮಾನ್ಯವಾಗಿ 25ರಿಂದ 50 ಮೈಕ್ರೊಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ. ಎರಡು ಇಣುಕಿನ ನಡುವೆ ಹತ್ತು ಕೌಂಟ್ ಹೋಗಿಬಿಟ್ಟರೆ ಲೆಕ್ಕವೇ ಇಲ್ಲ. ಥ್ರೆಡ್ ಹಾಕುವ 500 ಆರ್‌ಪಿಎಂನಲ್ಲೂ ಅದು 29 ಮೈಕ್ರೊಸೆಕೆಂಡಿಗೊಂದು ಕೌಂಟ್, ಆಗಲೂ ಭರವಸೆ ಇಲ್ಲ. ಅದೇ 36 ಸೀಳಿನ ಡಿಸ್ಕ್ ಆದರೆ ಸುತ್ತಿಗೆ 144 ಕೌಂಟ್, 3000 ಆರ್‌ಪಿಎಂನಲ್ಲೂ ಸುಮಾರು 139 ಮೈಕ್ರೊಸೆಕೆಂಡಿಗೊಂದು. ಹಳೇ ಪಿಸಿ ಆರಾಮಾಗಿ ಹಿಡಿಯುತ್ತದೆ. ಒರಟಾಯಿತು ಅನಿಸಿದರೆ ಲೆಕ್ಕ ಹಾಕಿ ನೋಡಿ: ಒಂದು ಕೌಂಟ್ 2.5 ಡಿಗ್ರಿ, 1.5 ಪಿಚ್‌ನಲ್ಲಿ ಅದು ಝಡ್‌ನ 0.01 ಮಿ.ಮೀ. ಜೊತೆಗೆ ಚಕ್ಕಿನ ಭಾರದಿಂದಾಗಿ ಸ್ಪಿಂಡಲ್ ಜರ್ಕ್ ಹೊಡೆಯುವುದಿಲ್ಲ, ಎರಡು ಕೌಂಟ್ ನಡುವಿನ ಜಾಗವನ್ನು ಸಾಫ್ಟ್‌ವೇರ್ ಅಂದಾಜಿನಲ್ಲಿ ತುಂಬಿಕೊಳ್ಳುತ್ತದೆ. ಮೆಸಾ ತರಹದ ಕಾರ್ಡ್ ಇದ್ದು ಎಣಿಕೆ ಹಾರ್ಡ್‌ವೇರ್‌ನಲ್ಲೇ ಆಗುವುದಾದರೆ 1024 ಏನು, 2500 ಹಾಕಿದರೂ ತೊಂದರೆ ಇಲ್ಲ. ನಿಮ್ಮ ಹತ್ತಿರ ಅದಿಲ್ಲ, ಹಾಗಾಗಿ 36 ಸಾಕು.

ರೆಡಿಮೇಡ್ ಎನ್‌ಕೋಡರ್ ತರುವವರಿಗೆ ಒಂದು ಮಾತು. ಅಗ್ಗಕ್ಕೆ ಸಿಗುವ 600 ಪಲ್ಸ್‌ನ ರೋಟರಿ ಎನ್‌ಕೋಡರ್‌ಗಳಲ್ಲಿ ತುಂಬಾ ಮಾಡೆಲ್‌ಗಳಿಗೆ ಎ, ಬಿ ಮಾತ್ರ ಇರುತ್ತದೆ, ಝಡ್ ಇರುವುದಿಲ್ಲ. ಇಲ್ಲಿ ಝಡ್ ಅಂದರೆ ಇಂಡೆಕ್ಸ್ ಚಾನೆಲ್, ಆಕ್ಸಿಸ್ ಅಲ್ಲ. ತಂತಿಗಳ ಲೆಕ್ಕ ನೋಡಿ. ಪವರ್, ಗ್ರೌಂಡ್, ಎ, ಬಿ ಮತ್ತು ಶೀಲ್ಡ್ ಅಷ್ಟೇ ಇದ್ದರೆ ಇಂಡೆಕ್ಸ್‌ಗೆ ಬೇರೆ ಸೆನ್ಸರ್ ಹಾಕಬೇಕು. ಇಂಡೆಕ್ಸ್ ಇಲ್ಲದೆ ಲಿನಕ್ಸ್‌ಸಿಎನ್‌ಸಿ ಥ್ರೆಡ್ ಶುರುಮಾಡುವುದೇ ಇಲ್ಲ, ಪಾಸ್‌ನ ಬಾಗಿಲಲ್ಲಿ ಸುಮ್ನೆ ನಿಂತಿರುತ್ತದೆ.

ಎಲ್ಲಿ ಕೂರಿಸುವುದು? ಹೆಡ್‌ಸ್ಟಾಕ್‌ನ ಹಿಂದೆ, ಸ್ಪಿಂಡಲ್‌ನ ಎಡ ತುದಿಯಲ್ಲಿ. ಚಕ್ ಕಡೆ ಬೇಡವೇ ಬೇಡ. ಅಲ್ಲಿ ಚಿಪ್ಸು, ಕೂಲಂಟು, ಚಕ್ ಕೀ ಎಲ್ಲದರ ಕಾಟ. ಮೋಟಾರ್ ಶಾಫ್ಟ್ ಮೇಲೂ ಬೇಡ. ಮೋಟಾರ್‌ಗೂ ಸ್ಪಿಂಡಲ್‌ಗೂ ನಡುವೆ ಬೆಲ್ಟ್ ಇದೆ, ವೇಗದ ಅನುಪಾತ ಇದೆ, ಮೋಟಾರ್ ಒಂದು ಸುತ್ತು ಅಂದರೆ ಸ್ಪಿಂಡಲ್ ಒಂದು ಸುತ್ತು ಅಲ್ಲ. ಸಣ್ಣ ಲೇತ್‌ಗಳಲ್ಲಿ ಹಿಂಬದಿ ಬೇರಿಂಗ್ ಬಿಗಿಯುವ ನಟ್ ಹೊರಗೆ ಕಾಣುತ್ತದೆ. ಅದರ ಪಕ್ಕದಲ್ಲಿ ಕ್ಲ್ಯಾಂಪ್ ಆಗುವ ಹಾಗೆ ಒಂದು ಸೀಳುಳ್ಳ ಬುಷ್ ಮಾಡಿ, ಡಿಸ್ಕನ್ನು ಬುಷ್‌ಗೆ ಸ್ಕ್ರೂ ಹಾಕಿ. ಬೇರಿಂಗ್ ನಟ್‌ನ ಬಿಗಿತ ಮಾತ್ರ ಕೆಡಿಸಬೇಡಿ. ಡಿಸ್ಕ್ ನಡುವಿನ ತೂತು ಸ್ಪಿಂಡಲ್ ಬೋರ್‌ಗಿಂತ ದೊಡ್ಡದಿರಲಿ. ಉದ್ದದ ರಾಡ್ ಹಿಂದಿನಿಂದ ತೂರಿಸುವ ಸೌಕರ್ಯವನ್ನು ಒಂದು ಸೆನ್ಸರ್‌ಗೋಸ್ಕರ ಕಳೆದುಕೊಳ್ಳುವುದು ಪೆದ್ದುತನ.

ಇದೇ ಕಾರಣಕ್ಕೆ ರೆಡಿಮೇಡ್ ಎನ್‌ಕೋಡರ್ ಆದರೆ ಸ್ಪಿಂಡಲ್ ತುದಿಗೆ ನೇರ ಸೇರಿಸೋಕೆ ಆಗುವುದಿಲ್ಲ, ಟೈಮಿಂಗ್ ಬೆಲ್ಟ್ ಬೇಕು. ಎರಡೂ ಪುಲ್ಲಿಗಳ ಹಲ್ಲು ಒಂದೇ ಸಂಖ್ಯೆ ಇರಲಿ. ಎನ್‌ಕೋಡರ್ ಎರಡು ಪಟ್ಟು ವೇಗವಾಗಿ ತಿರುಗಿದರೆ ಸ್ಪಿಂಡಲ್‌ನ ಒಂದು ಸುತ್ತಿಗೆ ಎರಡು ಇಂಡೆಕ್ಸ್ ಬರುತ್ತದೆ. ಒಂದು ಪಾಸ್ ಈ ಇಂಡೆಕ್ಸ್‌ಗೆ, ಇನ್ನೊಂದು ಪಾಸ್ 180 ಡಿಗ್ರಿ ಆಚೆಯ ಇಂಡೆಕ್ಸ್‌ಗೆ ಹೊರಟು, ಕೇಳದೇ ಇದ್ದರೂ ಟೂ ಸ್ಟಾರ್ಟ್ ಥ್ರೆಡ್ (ಪಕ್ಕಪಕ್ಕ ಎರಡು ಸುರುಳಿ) ಮಾಡಿಕೊಡುತ್ತದೆ. ವಿ ಬೆಲ್ಟ್, ರಬ್ಬರ್ ರಿಂಗ್ ಇವೆಲ್ಲ ಜಾರುತ್ತವೆ, ಅವುಗಳ ಸುದ್ದಿಗೇ ಹೋಗಬೇಡಿ. ಟೈಮಿಂಗ್ ಬೆಲ್ಟಿನಲ್ಲಿ ಸ್ವಲ್ಪ ಸಡಿಲ ಇದ್ದರೂ ಥ್ರೆಡ್ಡಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಸ್ಪಿಂಡಲ್ ಯಾವಾಗಲೂ ಒಂದೇ ಕಡೆ ತಿರುಗುತ್ತಿರುತ್ತದೆ. ಎನ್‌ಕೋಡರ್‌ನ ತೆಳ್ಳನೆಯ ಶಾಫ್ಟ್ ಮೇಲೆ ಬೆಲ್ಟ್ ಎಳೆತ ಜಾಸ್ತಿ ಹಾಕಬೇಡಿ ಅಷ್ಟೇ.

ಡಿಸ್ಕ್ ನೀವೇ ಮಾಡುವುದಾದರೆ ಅಳತೆ ಹೀಗಿರಲಿ. ಸೀಳುಗಳು ಇರುವ ವೃತ್ತ 80 ಮಿ.ಮೀ. ವ್ಯಾಸ ಅಂದುಕೊಂಡರೆ ಸುತ್ತಳತೆ 251, 36 ಭಾಗಕ್ಕೆ ಒಂದೊಂದು ಸುಮಾರು 7 ಮಿ.ಮೀ. ಅರ್ಧ ಸೀಳು, ಅರ್ಧ ಹಲ್ಲು, ಎರಡೂ 3.5. ಎ ಮತ್ತು ಬಿ ಸೆನ್ಸರ್‌ಗಳ ನಡುವೆ ಕಾಲು ಭಾಗದ ವ್ಯತ್ಯಾಸ ಬೇಕು, ಅಂದರೆ 2.5 ಡಿಗ್ರಿ. ಎರಡು ಸೆನ್ಸರ್ ಅಷ್ಟು ಹತ್ತಿರ ಕೂರುವುದಿಲ್ಲ, ಹಾಗಾಗಿ ಪೂರ್ತಿ ಭಾಗಗಳನ್ನು ಸೇರಿಸಿ 22.5 ಅಥವಾ 32.5 ಡಿಗ್ರಿ ದೂರದಲ್ಲಿ ಇಡಿ, ಫಲ ಒಂದೇ. ಅರ್ಧ ಮಿ.ಮೀ. ಆಚೀಚೆ ಆದರೂ ನಡೆಯುತ್ತದೆ. ಇಂಡೆಕ್ಸ್ ಸೀಳು ಬೇರೆ ವ್ಯಾಸದಲ್ಲಿ ಒಂದೇ ಒಂದು.

ಸೆನ್ಸರ್ ಅಂತ ಬಂದರೆ ಸೀಳಿನ ಡಿಸ್ಕಿಗೆ ಯು ಆಕಾರದ ಆಪ್ಟಿಕಲ್ ಇಂಟರಪ್ಟರ್ (ಬೆಳಕು ತಡೆದದ್ದನ್ನು ಗುರುತಿಸುವುದು) ಸರಿಯಾದ ಜೋಡಿ. ವೇಗವಾಗಿದೆ, ಅಂಚು ಚೂಪಾಗಿ ಹಿಡಿಯುತ್ತದೆ. ಮುಚ್ಚಳ ಮಾತ್ರ ಬೇಕೇಬೇಕು, ಎಣ್ಣೆ ಹನಿ ಒಂದು ಕೂತರೆ ಸಾಕು ಕುರುಡಾಗುತ್ತದೆ. ಡಿಸ್ಕನ್ನು 3ಡಿ ಪ್ರಿಂಟ್ ಮಾಡುವವರಿಗೆ ಒಂದು ಸಣ್ಣ ಎಚ್ಚರಿಕೆ: ಕಣ್ಣಿಗೆ ಅಚ್ಚ ಕಪ್ಪಾಗಿ ಕಾಣುವ ಕೆಲವು ಪ್ಲಾಸ್ಟಿಕ್‌ಗಳು ಇನ್‌ಫ್ರಾರೆಡ್ ಬೆಳಕನ್ನು ಒಳಗೆ ಬಿಟ್ಟುಬಿಡುತ್ತವೆ. ಸೆನ್ಸರ್‌ಗೆ ಅಲ್ಲಿ ಡಿಸ್ಕೇ ಇಲ್ಲದ ಹಾಗೆ. ತೆಳು ಅಲ್ಯೂಮಿನಿಯಂ ಹಾಳೆ ಒಳ್ಳೆಯದು. ಫೋಟೋ ಟ್ರಾನ್ಸಿಸ್ಟರ್‌ನ ಔಟ್‌ಪುಟ್ ನಿಧಾನವಾಗಿ ಏರುತ್ತದೆ, ಅದನ್ನು ನೇರ ಪೋರ್ಟ್‌ಗೆ ಕೊಡದೆ 74ಎಚ್‌ಸಿ14 ತರಹದ ಷ್ಮಿಟ್ ಟ್ರಿಗರ್ (ನಿಧಾನದ ಏರಿಳಿತವನ್ನು ಚೂಪು ಪಲ್ಸ್ ಮಾಡುವ ಚಿಪ್) ಮೂಲಕ ಕಳಿಸಿ.

ನೀವು ಕೇಳಿದ ಹಾಲ್ ಸೆನ್ಸರ್ ಇಂಡೆಕ್ಸ್‌ಗೆ ಚೆನ್ನಾಗಿದೆ. ಎಣ್ಣೆ, ಕೊಳೆ ಯಾವುದಕ್ಕೂ ಅಂಜುವುದಿಲ್ಲ. ಎ3144 ತರಹದವು ಮ್ಯಾಗ್ನೆಟ್‌ನ ಒಂದೇ ಧ್ರುವಕ್ಕೆ ಸ್ಪಂದಿಸುತ್ತವೆ, ಉಲ್ಟಾ ಅಂಟಿಸಿದರೆ ಸೆನ್ಸರ್ ಸತ್ತಿದೆ ಅಂತ ಬದಲಾಯಿಸುತ್ತಾ ಕೂರಬೇಕಾಗುತ್ತದೆ. ಮ್ಯಾಗ್ನೆಟ್‌ಗೆ ಕಬ್ಬಿಣದ ಚೂರು ಮೆತ್ತಿಕೊಳ್ಳುತ್ತದೆ, ಅದಕ್ಕೂ ಮುಚ್ಚಳ ಬೇಕು. ಮ್ಯಾಗ್ನೆಟನ್ನು ಡಿಸ್ಕಿನ ಹೊರ ಅಂಚಿಗೆ ಬರೀ ಗೋಂದಿನಲ್ಲಿ ಅಂಟಿಸಬೇಡಿ, ಒಂದು ದಿನ ಗುಂಡಿನ ಹಾಗೆ ಹಾರುತ್ತದೆ. ತೂತು ಕೊರೆದು ಒಳಗೆ ಕೂರಿಸಿ. ಇನ್ನು ಇಂಡಕ್ಟಿವ್ ಪ್ರಾಕ್ಸಿಮಿಟಿ, ಲೋಹ ಹತ್ತಿರ ಬಂದರೆ ಗುರುತಿಸುವ ಸೆನ್ಸರ್. ಗಟ್ಟಿಮುಟ್ಟು, ಒಂದು ಸ್ಕ್ರೂ ತಲೆ ಸಾಕು ಗುರಿಗೆ. ಆದರೆ ಅಗ್ಗದವುಗಳ ಸ್ವಿಚಿಂಗ್ ವೇಗ ಕೆಲವು ನೂರು ಹರ್ಟ್ಜ್ ಅಷ್ಟೇ. 36 ಸೀಳು 3000 ಆರ್‌ಪಿಎಂನಲ್ಲಿ 1800 ಹರ್ಟ್ಜ್ ಆಗುತ್ತದೆ, ಅದಕ್ಕೆ ಆಗದು. ಇಂಡೆಕ್ಸ್‌ಗೆ ಮಾತ್ರ ಇಟ್ಟುಕೊಳ್ಳಿ.

ವೈರಿಂಗ್‌ನಲ್ಲಿ ಮೊದಲು ಜೀವಕ್ಕೆ ಸಂಬಂಧಪಟ್ಟದ್ದು. ಸಣ್ಣ ಲೇತ್‌ಗಳ ಡಿಸಿ ಮೋಟಾರ್ ಬೋರ್ಡ್‌ಗಳಲ್ಲಿ ಹಲವು ಮೇನ್ಸ್‌ನಿಂದ ಬೇರ್ಪಟ್ಟಿರುವುದಿಲ್ಲ. ಅದರ ಸ್ಪೀಡ್ ನಾಬ್‌ನ ತಂತಿಗಳಲ್ಲೂ ಮೇನ್ಸ್ ವೋಲ್ಟೇಜ್ ಇರಬಹುದು. '5 ವೋಲ್ಟ್ ಸಿಗುತ್ತಲ್ಲ' ಅಂತ ಆ ಬೋರ್ಡ್‌ನಿಂದ ಸೆನ್ಸರ್‌ಗೆ ಪವರ್ ತೆಗೆಯಬೇಡಿ, ಅದರ ಗ್ರೌಂಡನ್ನು ಪಿಸಿ ಗ್ರೌಂಡ್‌ಗೆ ಸೇರಿಸಬೇಡಿ. ಪೋರ್ಟ್ ಸುಡುವುದು ಸಣ್ಣ ನಷ್ಟ, ಮೈಗೆ ತಾಗಿದರೆ ಕಷ್ಟ. ಸೆನ್ಸರ್‌ಗೆ ಬೇರೆಯೇ ಸಪ್ಲೈ ಕೊಡಿ.

ಎನ್‌ಪಿಎನ್ ಓಪನ್ ಕಲೆಕ್ಟರ್ ಸೆನ್ಸರ್ (ತಾನು ವೋಲ್ಟೇಜ್ ಕೊಡದೆ ಔಟ್‌ಪುಟ್ ತಂತಿಯನ್ನು ಗ್ರೌಂಡ್‌ಗೆ ಮಾತ್ರ ಎಳೆಯುವುದು) ಆದರೆ 12 ಅಥವಾ 24 ವೋಲ್ಟಿನಲ್ಲಿ ಓಡಿಸಿ, ಔಟ್‌ಪುಟ್‌ಗೆ ಮಾತ್ರ 5 ವೋಲ್ಟ್‌ನಿಂದ ಪುಲ್‌ಅಪ್ (ಮೇಲಕ್ಕೆ ಎಳೆಯುವ ರೆಸಿಸ್ಟರ್) ಕೊಡಬಹುದು. ಜೋಡಿಸುವ ಮೊದಲು ಔಟ್‌ಪುಟ್ ತಂತಿಯನ್ನು ಮಲ್ಟಿಮೀಟರ್‌ನಲ್ಲಿ ನೋಡಿ. ಕೆಲವು ಪ್ರಾಕ್ಸಿಮಿಟಿಗಳ ಒಳಗೇ ಪುಲ್‌ಅಪ್ ಇದ್ದು ಪೂರ್ತಿ 24 ವೋಲ್ಟ್ ಹೊರಗೆ ಬರುತ್ತದೆ. ಶೀಲ್ಡ್ ಕೇಬಲ್ ಬಳಸಿ, ಶೀಲ್ಡನ್ನು ಕಂಟ್ರೋಲರ್ ಕಡೆ ಮಾತ್ರ ಗ್ರೌಂಡ್ ಮಾಡಿ, ಮೋಟಾರ್ ತಂತಿಯ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ. ಪ್ಯಾರಲಲ್ ಪೋರ್ಟ್‌ಗೆ ಮಾಮೂಲಿ ಇನ್‌ಪುಟ್ ಪಿನ್ ಇರುವುದೇ ಐದು: 10, 11, 12, 13, 15. ಎ, ಬಿ, ಇಂಡೆಕ್ಸ್ ಮೂರನ್ನು ತಿನ್ನುತ್ತವೆ. ಉಳಿದ ಎರಡರಲ್ಲಿ ಒಂದು ಎಮರ್ಜೆನ್ಸಿ ಸ್ಟಾಪ್‌ಗೆ, ಇನ್ನೊಂದಕ್ಕೆ ಎಲ್ಲಾ ಲಿಮಿಟ್ ಸ್ವಿಚ್‌ಗಳನ್ನು ಸರಣಿಯಲ್ಲಿ ಸೇರಿಸಿ. ನಿಮ್ಮ ಬ್ರೇಕ್‌ಔಟ್ ಬೋರ್ಡ್‌ನಲ್ಲಿ (ಪೋರ್ಟ್‌ಗೆ ತಂತಿ ಸೇರಿಸುವ ಬೋರ್ಡ್) ಆಪ್ಟೊ ಐಸೊಲೇಟರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಚಿಪ್) ಇದ್ದರೆ ಅದರ ವೇಗವನ್ನೂ ಒಮ್ಮೆ ನೋಡಿಕೊಳ್ಳಿ, ಪಿಸಿ817 ಅನ್ನುವ ಚಿಪ್ ನಿಧಾನದ್ದು.

ಹಾಲ್ (HAL) ಫೈಲ್‌ನಲ್ಲಿ, ಅಂದರೆ ಲಿನಕ್ಸ್‌ಸಿಎನ್‌ಸಿಯಲ್ಲಿ ಯಾವುದು ಯಾವುದಕ್ಕೆ ಸೇರಬೇಕು ಅಂತ ಬರೆಯುವ ಫೈಲ್‌ನಲ್ಲಿ, ಕೆಲಸ ಕಡಿಮೆ. ಹಾಲ್ ಸೆನ್ಸರ್‌ಗೂ ಇದಕ್ಕೂ ಸಂಬಂಧವಿಲ್ಲ. ಎನ್‌ಕೋಡರ್‌ನ ಪೊಸಿಶನ್ ಇಂಟರ್‌ಪೊಲೇಟೆಡ್ ಪಿನ್ನನ್ನು (ಎರಡು ಕೌಂಟ್ ನಡುವಿನ ಜಾಗವನ್ನು ಅಂದಾಜಿನಲ್ಲಿ ತುಂಬುವುದು ಇದೇ) ಸ್ಪಿಂಡಲ್ ರೆವ್ಸ್‌ಗೆ, ವೆಲಾಸಿಟಿಯನ್ನು ಸ್ಪಿಂಡಲ್ ಸ್ಪೀಡ್ ಇನ್‌ಗೆ, ಇಂಡೆಕ್ಸ್ ಎನೇಬಲ್ ಅನ್ನು ಸ್ಪಿಂಡಲ್‌ನ ಇಂಡೆಕ್ಸ್ ಎನೇಬಲ್‌ಗೆ ಸೇರಿಸಿ. ಸ್ಕೇಲ್ 144. ವೆಲಾಸಿಟಿ ಬರುವುದು ಸೆಕೆಂಡಿಗೆ ಎಷ್ಟು ಸುತ್ತು ಅಂತ. 400 ಆರ್‌ಪಿಎಂ ಇರುವಾಗ ಅಲ್ಲಿ 6.67 ಕಂಡರೆ ಸರಿಯಾಗಿದೆ, ಹೆದರಬೇಡಿ. ಪರದೆಯಲ್ಲಿ ಆರ್‌ಪಿಎಂ ತೋರಿಸೋಕೆ ಮಾತ್ರ 60ರಿಂದ ಗುಣಿಸಿ, ಸ್ಪೀಡ್ ಇನ್‌ಗೆ ಹೋಗುವುದನ್ನು ಗುಣಿಸಬೇಡಿ. ಇಷ್ಟಾದ ಮೇಲೆ ಜಿ95, ಅಂದರೆ ಸುತ್ತಿಗಿಷ್ಟು ಫೀಡ್ ಅನ್ನುವುದೂ ಉಚಿತವಾಗಿ ಸಿಗುತ್ತದೆ. ಜಿ96, ಅಂದರೆ ವ್ಯಾಸಕ್ಕೆ ತಕ್ಕ ಹಾಗೆ ಸ್ಪಿಂಡಲ್ ವೇಗ ಬದಲಾಗುವುದು, ಮಾತ್ರ ಇಲ್ಲ. ಅದಕ್ಕೆ ಸ್ಪಿಂಡಲ್ ವೇಗವನ್ನು ಸಾಫ್ಟ್‌ವೇರೇ ಬದಲಾಯಿಸಬೇಕು, ನಿಮ್ಮದು ಕೈಯಲ್ಲಿ ತಿರುಗಿಸುವ ನಾಬ್.

ಈಗ ಪರೀಕ್ಷೆ. ಮೋಟಾರ್ ಆಫ್ ಮಾಡಿ ಚಕ್ಕನ್ನು ಕೈಯಲ್ಲಿ ಕೆಲಸದ ದಿಕ್ಕಿಗೆ ಸರಿಯಾಗಿ ಹತ್ತು ಸುತ್ತು ತಿರುಗಿಸಿ. ಪೊಸಿಶನ್ 10 ಆಗಬೇಕು. ಮೈನಸ್ 10 ಆದರೆ ಎ, ಬಿ ಅದಲುಬದಲು ಮಾಡಿ. ಆಮೇಲೆ ಮೋಟಾರ್ ಓಡಿಸಿ ಹಾಲ್‌ಸ್ಕೋಪ್‌ನಲ್ಲಿ (ಲಿನಕ್ಸ್‌ಸಿಎನ್‌ಸಿಯಲ್ಲಿ ಸಿಗ್ನಲ್‌ಗಳನ್ನು ಪರದೆಯ ಮೇಲೆ ತೋರಿಸುವುದು) ಎ, ಬಿ, ಇಂಡೆಕ್ಸ್ ಮೂರೂ ನೋಡಿ. ಮೋಟಾರ್ ಆನ್ ಆದಾಗ ಮಾತ್ರ ಮುಳ್ಳು ಮುಳ್ಳಾಗಿ ಹೆಚ್ಚುವರಿ ಪಲ್ಸ್ ಕಂಡರೆ ಅದು ನಾಯ್ಸ್. ಸಾಫ್ಟ್‌ವೇರ್‌ನಲ್ಲಿ ಫಿಲ್ಟರ್ ಹುಡುಕುವ ಮೊದಲು ವೈರಿಂಗ್ ಸರಿಮಾಡಿ.

ಥ್ರೆಡ್ ಶುರುಮಾಡುವಾಗ ಟೂಲನ್ನು ಜಾಬ್‌ನಿಂದ ಸ್ವಲ್ಪ ದೂರ ನಿಲ್ಲಿಸಬೇಕು, ಇದನ್ನು ಮರೆಯುವವರು ತುಂಬಾ ಜನ. ಇಂಡೆಕ್ಸ್ ಬಂದ ಕ್ಷಣ ಸ್ಪಿಂಡಲ್ ಪೂರ್ತಿ ವೇಗದಲ್ಲಿದೆ, ಝಡ್ ಸೊನ್ನೆಯಿಂದ ಏಳಬೇಕು. ಅದು ವೇಗ ಹಿಡಿದು, ಹಿಂದೆ ಬಿದ್ದದ್ದನ್ನು ತುಂಬಿಕೊಂಡು ಸ್ಪಿಂಡಲ್ ಜೊತೆ ಸೇರುವಷ್ಟರಲ್ಲಿ ಒಂದಿಷ್ಟು ದೂರ ಹೋಗಿರುತ್ತದೆ. ನಿಮ್ಮ ಝಡ್ ಆಕ್ಸೆಲರೇಶನ್ 100 ಮಿ.ಮೀ. ಪ್ರತಿ ಸೆಕೆಂಡ್ ವರ್ಗ ಅಂದುಕೊಂಡರೆ, 400 ಆರ್‌ಪಿಎಂ, 1.5 ಪಿಚ್‌ಗೆ ಬೇಕಾದ ವೇಗ ಸೆಕೆಂಡಿಗೆ 10 ಮಿ.ಮೀ. ಅಲ್ಲಿಗೆ ಏರುವಷ್ಟರಲ್ಲಿ ಅರ್ಧ ಮಿ.ಮೀ. ಹೋಗಿರುತ್ತದೆ, ಇನ್ನರ್ಧ ಮಿ.ಮೀ. ಹಿಂದೆ ಬಿದ್ದಿರುತ್ತದೆ. ಮೂರು ಪಿಚ್ ದೂರ, ಅಂದರೆ 4.5 ಮಿ.ಮೀ. ಇಟ್ಟರೆ ಆರಾಮ. ಅದೇ 1000 ಆರ್‌ಪಿಎಂ ಮಾಡಿದರೆ ಎರಡೂ 3 ಮಿ.ಮೀ. ದಾಟುತ್ತವೆ, ಏಕೆಂದರೆ ವೇಗ ಎರಡು ಪಟ್ಟಾದರೆ ಈ ದೂರ ನಾಲ್ಕು ಪಟ್ಟು. ಸುಮ್ನೆ ಆರ್‌ಪಿಎಂ ಕಡಿಮೆ ಇಡಿ. ಝಡ್‌ನ ಗರಿಷ್ಠ ವೇಗ ಥ್ರೆಡ್ ವೇಗಕ್ಕಿಂತ ಸಾಕಷ್ಟು ಮೇಲಿರಲಿ, ಇಲ್ಲದಿದ್ದರೆ ಹಿಂದೆ ಬಿದ್ದದ್ದನ್ನು ಹಿಡಿಯುವುದು ಹೇಗೆ?

ಮೊದಲು ಒಂದು ಅಲ್ಯೂಮಿನಿಯಂ ರಾಡ್ ಮೇಲೆ ಗೀರು ಬೀಳುವಷ್ಟೇ ಆಳಕ್ಕೆ ಪಾಸ್ ಓಡಿಸಿ, ಆಳ ಬದಲಾಯಿಸದೆ ಅದೇ ಪಾಸ್ ಇನ್ನೂ ಐದಾರು ಸಲ ಓಡಿಸಿ. ಗೀರು ಒಂದೇ ಕಾಣಬೇಕು. ನಡುವೆ ಒಮ್ಮೆ ಚಕ್ ನಿಲ್ಲಿಸಿ ಮತ್ತೆ ಶುರುಮಾಡಿ ನೋಡಿ, ಒಮ್ಮೆ ನಾಬ್ ತಿರುಗಿಸಿ ವೇಗ ಬದಲಾಯಿಸಿ ನೋಡಿ, ಆಗಲೂ ಒಂದೇ ಇರಬೇಕು. ಗೀರು ಒಂದೇ ಇದ್ದು ಪಿಚ್ ಮಾತ್ರ ತಪ್ಪಿದ್ದರೆ ಎನ್‌ಕೋಡರ್ ಸ್ಕೇಲ್ ಅಥವಾ ಝಡ್ ಸ್ಕೇಲ್ ತಪ್ಪು. ಮೊದಲ ಒಂದೆರಡು ಸುತ್ತು ಮಾತ್ರ ಓರೆಯಾಗಿದ್ದರೆ ಟೂಲ್ ಇನ್ನೂ ದೂರದಿಂದ ಹೊರಡಬೇಕು. ಗೀರುಗಳು ಅಲ್ಲಲ್ಲಿ ಚದುರಿದ್ದರೆ ಇಂಡೆಕ್ಸ್ ಮೇಲೆ ಅನುಮಾನ ಪಡಿ. ಪ್ರತಿ ಪಾಸ್‌ಗೂ ಒಂದೇ ಕಡೆ ಸ್ವಲ್ಪ ಸ್ವಲ್ಪ ಸರಿಯುತ್ತಾ ಹೋದರೆ ಸೆನ್ಸರ್ ಬಿಚ್ಚಲು ಹೋಗಬೇಡಿ. ಅದು ಬಹುತೇಕ ಝಡ್ ಸ್ಟೆಪ್ಪರ್ ಸ್ಟೆಪ್ ಕಳೆದುಕೊಳ್ಳುತ್ತಿರುವುದು. ಕ್ಯಾರೇಜ್‌ಗೆ ಡಯಲ್ ಇಂಡಿಕೇಟರ್ ಇಟ್ಟು, ಪಾಸ್ ಮುಗಿದ ಮೇಲೆ ಝಡ್ ಸೊನ್ನೆಗೆ ವಾಪಸ್ ಬಂದಾಗ ಮುಳ್ಳು ಅದೇ ಜಾಗಕ್ಕೆ ಬರುತ್ತದಾ ನೋಡಿ. ಬರದಿದ್ದರೆ ಹಿಂದಕ್ಕೆ ಬರುವ ರ‍್ಯಾಪಿಡ್ ವೇಗವನ್ನು ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಗೀರು ಹಾಕಿ.